ಗೇಜ್ ಹಾಕದೆ ಪಂಪ್ ಬಿಚ್ಚಬಾರದು: ರಾಬರ್ಟ್ ಬಾಷ್ ಜೀವನ

ನಮ್ಮ ಫಿಸಿಕ್ಸ್ ಲೆಕ್ಚರರ್ ಪ್ರತಿ ವರ್ಷ ಈ ವಾರ್ತಾಪತ್ರಕ್ಕಾಗಿ ಒಬ್ಬ ವಿಜ್ಞಾನಿಯ ಅಥವಾ ತಂತ್ರಜ್ಞನ ಜೀವನ ಬರೆಯಲು ಹೇಳುತ್ತಾರೆ. ವಿಶ್ವೇಶ್ವರಯ್ಯ, ಸಿ.ವಿ. ರಾಮನ್, ಅಬ್ದುಲ್ ಕಲಾಂ ಇವರ ಬಗ್ಗೆ ಬರೆಯುವವರು ನಮ್ಮ ತರಗತಿಯಲ್ಲೇ ಐದಾರು ಮಂದಿ ಇದ್ದಾರೆ. ನಾನು ಆರಿಸಿಕೊಂಡಿದ್ದು ರಾಬರ್ಟ್ ಬಾಷ್ ಎಂಬ ಜರ್ಮನ್ ಮೆಕ್ಯಾನಿಕ್‌ನನ್ನು. ಯಾಕೆ ಎಂದು ಹೇಳಲು ಮೊದಲು ನನ್ನ ಚಾಚಾನ ಗ್ಯಾರೇಜಿಗೆ ನಿಮ್ಮನ್ನು ಕರೆದುಕೊಂಡು ಹೋಗಬೇಕು.

ಹಾಸನದ ಹೊರಗೆ ಹೆದ್ದಾರಿ ಬದಿಯಲ್ಲಿ ಚಾಚಾ ಲಾರಿಗಳ ಡೀಸೆಲ್ ಪಂಪ್ ಮತ್ತು ನಾಜಲ್ ಕೆಲಸ ಮಾಡುತ್ತಾರೆ. ಬೇಸಿಗೆ ರಜೆಯಲ್ಲಿ ನಾನು ಅಲ್ಲಿ ಬಿಲ್ ಬರೆಯುತ್ತೇನೆ. ಚಾಚಾ ಐದನೇ ತರಗತಿಗೆ ಶಾಲೆ ಬಿಟ್ಟವರು, ಹಾಗಾಗಿ ಇಂಗ್ಲಿಷ್ ಮ್ಯಾನುವಲ್ ತೆಗೆದು ಇಂಥ ಎಂಜಿನ್‌ಗೆ ಇಷ್ಟು ಒತ್ತಡ ಇರಬೇಕು ಎಂದು ಓದಿ ಹೇಳುವುದೂ ನನ್ನ ಕೆಲಸ. ಐಟಿಐ ಮುಗಿಸಿದ ಒಬ್ಬ ಹುಡುಗ ಸ್ಪಾನರ್ ಕೊಡುತ್ತಾ, ಫಿಲ್ಟರ್ ತೊಳೆಯುತ್ತಾ ಎರಡು ವರ್ಷದಿಂದ ಅಲ್ಲೇ ಇದ್ದಾನೆ. ಅವನ ಕೈಗೆ ಚಾಚಾ ಗೇಜ್ ಮಾತ್ರ ಕೊಟ್ಟಿರಲಿಲ್ಲ.

ಕಳೆದ ಏಪ್ರಿಲ್‌ನಲ್ಲಿ ಒಂದು ಹಳೆಯ ಹತ್ತು ಚಕ್ರದ ಲಾರಿ ಬಂತು. ಓಡಿಸುವವರೇ ಅದರ ಮಾಲೀಕರು. ಏರು ಬಂದರೆ ಗಾಡಿ ಎಳೆಯುವುದಿಲ್ಲ, ಬೆಳಿಗ್ಗೆ ಸ್ಟಾರ್ಟ್ ಮಾಡಲು ಅರ್ಧ ಗಂಟೆ ಒದ್ದಾಡಬೇಕು. ಬೇರೆ ಊರಿನ ಒಂದು ವರ್ಕ್‌ಶಾಪಿನಲ್ಲಿ ಆಗಲೇ ಇಂಜೆಕ್ಷನ್ ಪಂಪ್ ಬಿಚ್ಚಿ, ಎಲಿಮೆಂಟ್ ಎಲ್ಲ ಹೊಸದು ಹಾಕಿಸಿ, 32,000 ರೂಪಾಯಿ ಕೊಟ್ಟು ಬಂದಿದ್ದರು. ಗಾಡಿ ಮಾತ್ರ ಹಾಗೇ ಇತ್ತು. ಎರಡು ತಿಂಗಳ ಕಂತು ಬಾಕಿ. ಮೂರನೆಯದೂ ತಪ್ಪಿದರೆ ಗಾಡಿ ಎಳೆದುಕೊಂಡು ಹೋಗುತ್ತಾರೆ ಎಂದು ಅವರು ಚಾಚಾನ ಮುಂದೆ ಹೇಳುವಾಗ ನಾನು ತಲೆ ತಗ್ಗಿಸಿ ಬಿಲ್ ಪುಸ್ತಕ ನೋಡುತ್ತಿದ್ದೆ.

ಚಾಚಾ ಪಂಪ್ ಮುಟ್ಟಲಿಲ್ಲ. ಡೀಸೆಲ್ ಎಂಜಿನ್‌ಗೆ ಎಣ್ಣೆ ಹೋಗುವ ದಾರಿಯಲ್ಲಿ ಎರಡು ಭಾಗಗಳಿವೆ. ಟ್ಯಾಂಕ್‌ನಿಂದ ಫೀಡ್ ಪಂಪ್, ಅಲ್ಲಿಂದ ಫಿಲ್ಟರ್, ಅಲ್ಲಿಂದ ಇಂಜೆಕ್ಷನ್ ಪಂಪಿನ ಹೊಟ್ಟೆಯವರೆಗೆ ಕಡಿಮೆ ಒತ್ತಡದ ಭಾಗ. ಅಲ್ಲಿಂದ ನಾಜಲ್‌ವರೆಗೆ ಹೆಚ್ಚು ಒತ್ತಡದ್ದು. ಹಳೆಯ ಮಾದರಿಯ ಎಂಜಿನ್‌ಗಳಲ್ಲಿ ನಾಜಲ್ ತೆರೆಯಲು ಸುಮಾರು 200 ಬಾರ್ ಬೇಕು. ಫೀಡ್ ಪಂಪ್ ಕೊಡುವುದು ಹೆಚ್ಚೆಂದರೆ ಒಂದೆರಡು ಬಾರ್, ಅಂದರೆ ಕಾರಿನ ಟೈರಿನಲ್ಲಿ ಇರುವಷ್ಟು ಗಾಳಿಯ ಒತ್ತಡ. ಅದಕ್ಕೇ ಎಲ್ಲರ ಕಣ್ಣೂ 200 ಬಾರ್ ಕಡೆ ಹೋಗುತ್ತದೆ. ಚಾಚಾನ ಕಣ್ಣು ಮೊದಲು ಹೋಗುವುದು ಒಂದೆರಡು ಬಾರ್ ಕಡೆಗೆ.

ಅವರು ಫಿಲ್ಟರ್‌ಗೆ ಎಣ್ಣೆ ಬರುವ ಕಡೆ ಒಂದು ಗೇಜ್, ಹೋಗುವ ಕಡೆ ಒಂದು ಗೇಜ್ ಹಾಕಿದರು. ಉದ್ದನೆಯ ಹೋಸ್ ಜೋಡಿಸಿ ಎರಡನ್ನೂ ಮುಂದಿನ ಗಾಜಿನ ಹೊರಗೆ ಟೇಪ್ ಹಾಕಿ ಅಂಟಿಸಿದರು. ನಿಂತಲ್ಲಿ ಎಂಜಿನ್ ಓಡಿಸಿದಾಗ ಎರಡೂ ಸರಿಯಾಗಿದ್ದವು. ಅದನ್ನು ನೋಡಿ ನಂಬಬಾರದು ಎನ್ನುವುದು ಚಾಚಾನ ಮಾತು. ಲಾರಿಗೆ ಲೋಡ್ ಇದ್ದಾಗಲೇ ಊರಾಚೆಯ ಏರಿಗೆ ಹೋದೆವು. ಚಾಲಕರ ಪಕ್ಕ ಚಾಚಾ, ಕಿಟಕಿ ಕಡೆ ನಾನು ನೋಟ್‌ಬುಕ್ ಹಿಡಿದು. ಏರಿನ ಅರ್ಧಕ್ಕೆ ಬಂದಾಗ ಎರಡೂ ಮುಳ್ಳುಗಳು ಒಟ್ಟಿಗೇ ಕೆಳಗಿಳಿದು 0.4ರ ಹತ್ತಿರ ನಡುಗತೊಡಗಿದವು.

ಫಿಲ್ಟರ್ ಕಟ್ಟಿದ್ದರೆ ಮೊದಲ ಗೇಜ್ ಮೇಲೇ ಇದ್ದು ಎರಡನೆಯದು ಮಾತ್ರ ಇಳಿಯಬೇಕಿತ್ತು. ಎರಡೂ ಇಳಿದವು ಎಂದರೆ ತೊಂದರೆ ಫಿಲ್ಟರ್‌ಗಿಂತ ಹಿಂದೆ ಇದೆ, ಫೀಡ್ ಪಂಪಿಗೇ ಎಣ್ಣೆ ಸಾಲದು. ಟ್ಯಾಂಕ್‌ನಿಂದ ಬರುವ ಪೈಪಿನಲ್ಲಿ ಒಂದು ತುಂಡು ಪಾರದರ್ಶಕ ಹೋಸ್ ಹಾಕಿ ನೋಡಿದಾಗ ಗುಳ್ಳೆಗಳು ಸಾಲಾಗಿ ಬರುತ್ತಿದ್ದವು. ಪ್ರೀ-ಫಿಲ್ಟರ್‌ನ ಬ್ಯಾಂಜೊ ಬೋಲ್ಟ್‌ಗೆ ಹಾಕಿದ್ದ ತಾಮ್ರದ ವಾಷರ್ ಹಳೆಯದು, ಒತ್ತಿ ಒತ್ತಿ ಗೀರು ಬಿದ್ದಿತ್ತು. ಹೊರಗೆ ಒಂದು ಹನಿಯೂ ಡೀಸೆಲ್ ಸೋರಿರಲಿಲ್ಲ. ಇದು ನನಗೆ ಅಲ್ಲೇ ಹೊಳೆಯಿತು: ಫೀಡ್ ಪಂಪ್ ಎಳೆಯುವ ಕಡೆ ಪೈಪಿನೊಳಗಿನ ಒತ್ತಡ ಹೊರಗಿನ ವಾತಾವರಣಕ್ಕಿಂತ ಕಡಿಮೆ. ಅಲ್ಲಿ ತೂತಿದ್ದರೆ ಎಣ್ಣೆ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ರಾತ್ರಿ ಗಾಡಿ ನಿಂತಾಗ ಅದೇ ತೂತಿನಿಂದ ಗಾಳಿ ಸೇರಿ ಪೈಪಿನ ಎಣ್ಣೆ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಬೆಳಗಿನ ಒದ್ದಾಟಕ್ಕೆ ಕಾರಣ ಅದು. ಹೊಸ ವಾಷರ್ ಹಾಕಿ, ಏರ್ ತೆಗೆದು, ಮತ್ತೆ ಏರು ಹತ್ತಿಸಿದಾಗ ಮುಳ್ಳುಗಳು 1.5ರ ಆಸುಪಾಸಿನಲ್ಲೇ ನಿಂತವು. ವಾಷರ್‌ನ ಬೆಲೆ ಕೆಲವೇ ರೂಪಾಯಿ.

ಆ ದಿನ ಬಿಲ್ ಬರೆಯುತ್ತಾ ಪಂಪಿನ ಮೇಲಿನ ಫಲಕ ನೋಡಿದೆ. ಮೈಕೋ ಎಂದಿತ್ತು. ಹಳೆಯ ಮೆಕ್ಯಾನಿಕ್‌ಗಳು ಇಂದಿಗೂ ಮೈಕೋ ಪಂಪ್ ಎಂದೇ ಹೇಳುತ್ತಾರೆ. 1951ರಲ್ಲಿ ಶುರುವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯೇ ಮೈಕೋ. ಬೆಂಗಳೂರಿನ ಒಂದು ಬಡಾವಣೆಗೇ ಆ ಹೆಸರಿದೆ. 2008ರಿಂದ ಅದು ಬಾಷ್ ಲಿಮಿಟೆಡ್. ಹಾಗಾದರೆ ಈ ಬಾಷ್ ಯಾರು ಎಂದು ಹುಡುಕಲು ಹೊರಟೆ.

ರಾಬರ್ಟ್ ಬಾಷ್ ಹುಟ್ಟಿದ್ದು 1861ರ ಸೆಪ್ಟೆಂಬರ್ 23ರಂದು, ದಕ್ಷಿಣ ಜರ್ಮನಿಯ ಉಲ್ಮ್ ಪಟ್ಟಣದ ಹತ್ತಿರದ ಆಲ್ಬೆಕ್ ಎಂಬ ಹಳ್ಳಿಯಲ್ಲಿ. ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವನು. ತಂದೆಗೆ ಜಮೀನು ಇತ್ತು, ದಾರಿಹೋಕರಿಗೆ ತಂಗುವ ಛತ್ರದಂಥ ಹೋಟೆಲೂ ಇತ್ತು. ಉಣ್ಣಲು ಕೊರತೆಯಿಲ್ಲದ, ಓದನ್ನು ಗೌರವಿಸುವ ಮನೆ. ಆದರೆ ಹುಡುಗ ಶಾಲೆ ಮುಗಿಸಿ ಕಾಲೇಜಿಗೆ ಹೋಗಲಿಲ್ಲ. 1876ರಲ್ಲಿ, ನಮ್ಮ ಎಸ್ಸೆಸ್ಸೆಲ್ಸಿ ವಯಸ್ಸಿನಲ್ಲಿ, ಉಲ್ಮ್‌ನ ಒಬ್ಬ ಸೂಕ್ಷ್ಮ ಯಂತ್ರ ತಯಾರಕನ ಬಳಿ ಕೆಲಸ ಕಲಿಯಲು ಸೇರಿದ. ಅಲ್ಲಿನ ಗುರು ಹೇಳಿಕೊಡುವುದರಲ್ಲಿ ಆಸಕ್ತಿ ಇಲ್ಲದವನು. ಮೂರು ವರ್ಷ ಕಳೆದರೂ ಕಲಿಯಬೇಕಾದಷ್ಟು ಕಲಿಯಲಿಲ್ಲ ಎಂಬ ಅಸಮಾಧಾನ ಬಾಷ್‌ಗೆ ಕೊನೆಯವರೆಗೂ ಇತ್ತು. ಈ ಒಂದು ಸಂಗತಿ ನೆನಪಿಡಿ, ಮುಂದೆ ಬೇಕಾಗುತ್ತದೆ.

ಆಮೇಲೆ ಏಳು ವರ್ಷ ಊರೂರು ಅಲೆದ. ನ್ಯೂರೆಂಬರ್ಗ್‌ನ ಶುಕರ್ಟ್ ಕಾರ್ಖಾನೆಯಲ್ಲಿ ದುಡಿದ. ತನಗೆ ಸಿದ್ಧಾಂತ ಗೊತ್ತಿಲ್ಲ ಎಂಬುದು ಮನವರಿಕೆಯಾಗಿ ಸ್ಟುಟ್‌ಗಾರ್ಟ್‌ನ ತಾಂತ್ರಿಕ ಕಾಲೇಜಿನಲ್ಲಿ ಸ್ವಲ್ಪ ಕಾಲ ಹೊರಗಿನ ವಿದ್ಯಾರ್ಥಿಯಾಗಿ ಕುಳಿತ. ಪದವಿ ಪಡೆಯಲಿಲ್ಲ. 1884ರಲ್ಲಿ ಅಮೆರಿಕಕ್ಕೆ ಹಡಗು ಹತ್ತಿ, ನ್ಯೂಯಾರ್ಕ್‌ನಲ್ಲಿ ಎಡಿಸನ್ ಕಂಪನಿಯ ಕಾರ್ಮಿಕನಾದ. ಅಲ್ಲಿ ಕಾರ್ಮಿಕರ ಸಂಘವೊಂದಕ್ಕೂ ಸೇರಿದ. ಮುಂದಿನ ವರ್ಷ ಇಂಗ್ಲೆಂಡಿನ ಸೀಮೆನ್ಸ್ ಬ್ರದರ್ಸ್‌ನಲ್ಲಿ ಕೆಲಸ. 1886ರ ನವೆಂಬರ್ 15ರಂದು ಸ್ಟುಟ್‌ಗಾರ್ಟ್‌ನ ಒಂದು ಹಿತ್ತಲ ಕಟ್ಟಡದಲ್ಲಿ ತನ್ನದೇ ವರ್ಕ್‌ಶಾಪ್ ತೆರೆದ. ಜೊತೆಗೆ ಇದ್ದವರು ಒಬ್ಬ ಮೆಕ್ಯಾನಿಕ್, ಒಬ್ಬ ಚಿಲ್ಲರೆ ಕೆಲಸದ ಹುಡುಗ. ನಮ್ಮ ಚಾಚಾನ ಗ್ಯಾರೇಜಿನಲ್ಲಿ ಇರುವಷ್ಟೇ ಜನ!

ಟೆಲಿಫೋನ್ ಜೋಡಿಸುವುದು, ವಿದ್ಯುತ್ ಗಂಟೆ ಕೂರಿಸುವುದು, ಏನು ಸಿಕ್ಕರೂ ಮಾಡುತ್ತಿದ್ದರು. ಮರುವರ್ಷ ಒಬ್ಬ ಗಿರಾಕಿ ಒಂದೆಡೆ ನಿಂತು ಓಡುವ ಗ್ಯಾಸ್ ಎಂಜಿನ್‌ಗೆ ಮ್ಯಾಗ್ನೆಟೊ ಬೇಕೆಂದು ಬಂದ. ಮ್ಯಾಗ್ನೆಟೊ ಎಂದರೆ ಕಾಂತದ ನಡುವೆ ಸುರುಳಿ ಅಲುಗಾಡಿಸಿ ಕಿಡಿ ಹುಟ್ಟಿಸುವ ಸಾಧನ. ದ್ವಿತೀಯ ಪಿಯುಸಿಯವರಿಗೆ ವಿದ್ಯುತ್ಕಾಂತೀಯ ಪ್ರೇರಣೆಯ ಪಾಠದಲ್ಲಿ ಬರುವುದು ಇದೇ. ಬೇರೊಂದು ಕಂಪನಿ ಅಂಥದ್ದನ್ನು ಆಗಲೇ ಮಾಡಿತ್ತು. ಬಾಷ್ ಅದನ್ನು ನೋಡಿ, ತನ್ನ ರೀತಿಯಲ್ಲಿ ಸುಧಾರಿಸಿ ಮಾಡಿಕೊಟ್ಟ. ಇಲ್ಲಿ ಒಂದು ಮಾತು ಹೇಳಲೇಬೇಕು. ಅನೇಕರು ಬಾಷ್‌ನನ್ನು ಮಹಾನ್ ಸಂಶೋಧಕ ಎನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. 1897ರಲ್ಲಿ ವೇಗದ ಮೂರು ಚಕ್ರದ ಮೋಟಾರ್ ಗಾಡಿಗೆ ಮ್ಯಾಗ್ನೆಟೊ ಹೊಂದಿಸುವ ಕಷ್ಟ ಬಂದಾಗ, ಭಾರದ ಸುರುಳಿಯ ಬದಲು ಅದರ ಸುತ್ತಲಿನ ಹಗುರವಾದ ಕವಚವೊಂದನ್ನು ಅಲುಗಾಡಿಸುವ ದಾರಿ ಕಂಡವನು ಆರ್ನಾಲ್ಡ್ ತ್ಸೆಹ್ರಿಂಗರ್. 1902ರಲ್ಲಿ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೊ ಮತ್ತು ಸ್ಪಾರ್ಕ್ ಪ್ಲಗ್ ಕೊಟ್ಟವನು ಗಾಟ್ಲೊಬ್ ಹೊನೋಲ್ಡ್. ಇಬ್ಬರೂ ಬಾಷ್‌ನ ಕೆಲಸಗಾರರು. ಬಾಷ್ ಮಾಡಿದ್ದು ಬೇರೆಯದು: ಪರೀಕ್ಷೆ ಮಾಡದ ವಸ್ತು ತನ್ನ ಬಾಗಿಲು ದಾಟಬಾರದು ಎಂಬ ಹಟ. ದುಡ್ಡು ಹೋದರೂ ಪರವಾಗಿಲ್ಲ, ನಂಬಿಕೆ ಹೋಗಬಾರದು ಎಂಬುದು ಅವನ ನಿಲುವಾಗಿತ್ತು. ಮೊದಲ ಹತ್ತು ಹನ್ನೆರಡು ವರ್ಷ ಈ ಹಟ ಅವನನ್ನು ಶ್ರೀಮಂತನನ್ನಾಗಿ ಮಾಡಲಿಲ್ಲ. ವ್ಯಾಪಾರ ಬಿದ್ದಾಗ ಹೆಚ್ಚಿನ ಕೆಲಸಗಾರರನ್ನು ಮನೆಗೆ ಕಳುಹಿಸಬೇಕಾಗಿತ್ತು. ಸೈಕಲ್ ಮೇಲೆ ಊರು ಸುತ್ತಿ ಗಿರಾಕಿಗಳ ಮನೆಯ ಕೆಲಸ ಸರಿಯಾಗಿದೆಯೇ ಎಂದು ನೋಡಿ ಬರುತ್ತಿದ್ದ.

ಮೋಟಾರ್ ಕಾರುಗಳು ಹೆಚ್ಚಿದಂತೆ ಎಲ್ಲ ಬದಲಾಯಿತು. 1912ರ ಹೊತ್ತಿಗೆ ಹತ್ತು ಲಕ್ಷ ಮ್ಯಾಗ್ನೆಟೊಗಳು ಹೊರಬಂದಿದ್ದವು. ಈಗಲೂ ಬಾಷ್ ಫಿಲ್ಟರ್ ಡಬ್ಬಿಯ ಮೇಲೆ ವೃತ್ತದೊಳಗೆ ಇಂಗ್ಲಿಷಿನ ಎಚ್ ತರಹದ ಗುರುತು ಇದೆಯಲ್ಲ, ಅದು ಆ ಮ್ಯಾಗ್ನೆಟೊದ ಒಳಭಾಗದ ಚಿತ್ರ. 1918ರಲ್ಲಿ ಹೊನೋಲ್ಡ್ ಬರೆದದ್ದು.

1906ರಲ್ಲಿ ಬಾಷ್ ತನ್ನ ಕಾರ್ಖಾನೆಯಲ್ಲಿ ದಿನಕ್ಕೆ ಎಂಟು ಗಂಟೆಯ ಕೆಲಸ ಜಾರಿಗೆ ತಂದ. ಜರ್ಮನಿಯಲ್ಲಿ ಆಗ ಹೀಗೆ ಮಾಡಿದ ಮಾಲೀಕರು ಬೆರಳೆಣಿಕೆಯಷ್ಟು. 1910ರಿಂದ ಶನಿವಾರ ಮಧ್ಯಾಹ್ನ ರಜೆ. ಸಂಬಳವೂ ಬೇರೆಡೆಗಿಂತ ಚೆನ್ನಾಗಿತ್ತು. ಇತರ ಮಾಲೀಕರು ಅವನಿಗೆ ಕೆಂಪು ಬಾಷ್ ಎಂದು ಹೆಸರಿಟ್ಟರು. ಇದೆಲ್ಲ ದಾನ ಎಂದು ತಿಳಿಯಬೇಡಿ. ಎಂಟು ಗಂಟೆಯಾದರೆ ಒಂದೇ ದಿನದಲ್ಲಿ ಎರಡು ಪಾಳಿ ಓಡಿಸಬಹುದು, ದಣಿದ ಕೈ ಅಳತೆ ತಪ್ಪುತ್ತದೆ. ಲೆಕ್ಕವೂ ಇತ್ತು, ಮನಸ್ಸೂ ಇತ್ತು. 1913ರಲ್ಲಿ ಕಲಿಯುವ ಹುಡುಗರಿಗಾಗಿ ಪ್ರತ್ಯೇಕ ತರಬೇತಿ ವರ್ಕ್‌ಶಾಪ್ ಶುರು ಮಾಡಿದ. ಉಲ್ಮ್‌ನ ಆ ಮೂರು ವರ್ಷಗಳನ್ನು ಮರೆತಿರಲಿಲ್ಲ ಎಂದು ಕಾಣುತ್ತದೆ. ಅದೇ ವರ್ಷ ಅವನ ಕಾರ್ಖಾನೆಯಲ್ಲೇ ಮುಷ್ಕರ ನಡೆಯಿತು. ಬಾಷ್ ನೊಂದುಕೊಂಡ, ಅಲ್ಲಿಯವರೆಗೆ ದೂರವಿಟ್ಟಿದ್ದ ಮಾಲೀಕರ ಸಂಘಕ್ಕೆ ಸೇರಿದ. ಒಳ್ಳೆಯ ಧಣಿ ಎಂದ ಮಾತ್ರಕ್ಕೆ ಕೆಲಸಗಾರರು ಕೇಳುವುದನ್ನು ನಿಲ್ಲಿಸಬೇಕು ಎಂದು ಅವನು ನಿರೀಕ್ಷಿಸಿದ್ದು ಸರಿಯಲ್ಲ ಎಂದು ನನಗೆ ಅನ್ನಿಸುತ್ತದೆ.

1914ರ ಮಹಾಯುದ್ಧದಲ್ಲಿ ಕಾರ್ಖಾನೆ ಲಾಭ ಮಾಡಿತು. ಯುದ್ಧದ ಲಾಭ ತನಗೆ ಬೇಡವೆಂದು ಒಂದು ಕೋಟಿ ಮಾರ್ಕ್‌ಗೂ ಹೆಚ್ಚು ಹಣವನ್ನು ನೆಕ್ಕರ್ ನದಿಯನ್ನು ಹಡಗು ಓಡಾಟಕ್ಕೆ ಸಜ್ಜುಗೊಳಿಸಲು ಕೊಟ್ಟ. ಯುದ್ಧದಿಂದಾಗಿ ವಿದೇಶದ ಕಾರ್ಖಾನೆ, ಪೇಟೆಂಟ್‌ಗಳು ಕೈತಪ್ಪಿದವು. 1921ರಲ್ಲಿ ಅವನ ಮಗ, ಅವನದೇ ಹೆಸರಿನವನು, ನರಗಳ ದೀರ್ಘ ಕಾಯಿಲೆಯಿಂದ ತೀರಿಕೊಂಡ. ಬಾಷ್‌ಗೆ ಆಗ ಅರವತ್ತು. ಇನ್ನು ಸಾಕು ಎಂದು ಕೂರಬಹುದಾದ ವಯಸ್ಸು. ಚಾಚಾನ ಗ್ಯಾರೇಜಿಗೆ ಸಂಬಂಧಪಟ್ಟ ಕೆಲಸ ಶುರುವಾದದ್ದು ಅದರ ಮರುವರ್ಷ.

ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ ಅನ್ನು 1893ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಮೊದಲ ಬಾರಿ ಪರೀಕ್ಷಿಸಿದಾಗ ಒತ್ತಡ ಅಳೆಯುವ ಸಾಧನವೇ ಸಿಡಿದುಹೋಗಿತ್ತು. 1897ರಲ್ಲಿ ಎಂಜಿನ್ ಗೆದ್ದಿತು, ಇಂಧನದ ಶಕ್ತಿಯಲ್ಲಿ ಶೇಕಡಾ 26ರಷ್ಟನ್ನು ಕೆಲಸಕ್ಕೆ ತಂದಿತು. ಆದರೆ ಎಣ್ಣೆಯನ್ನು ಸಿಲಿಂಡರ್ ಒಳಗೆ ನುಗ್ಗಿಸಲು ಗಟ್ಟಿಯಾಗಿ ಒತ್ತಿದ ಗಾಳಿ ಬೇಕಿತ್ತು, ಅದಕ್ಕೊಂದು ದೊಡ್ಡ ಕಂಪ್ರೆಸರ್. ಹಡಗಿಗೆ, ವಿದ್ಯುತ್ ಸ್ಥಾವರಕ್ಕೆ ಸರಿ. ಲಾರಿಗೆ ಹೊರಲಾಗದ ಭಾರ. ಡೀಸೆಲ್ 1913ರಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಿಂದ ಕಾಣೆಯಾಗಿ ಸಮುದ್ರದಲ್ಲಿ ಸತ್ತ. ಅವನ ಎಂಜಿನ್ ರಸ್ತೆಯಲ್ಲಿ ಲಾರಿ ಎಳೆಯುವುದನ್ನು ನೋಡಲಿಲ್ಲ.

ಡೀಸೆಲ್ ಎಂಜಿನ್‌ಗೆ ಕಿಡಿಯೇ ಬೇಡ. ಕಿಡಿ ಮಾರಿ ಬದುಕಿದ್ದ ಬಾಷ್ ಕಂಪನಿಗೆ ಇದರಲ್ಲಿ ಅಪಾಯ ಕಂಡಿತು. ಲಾರಿಗಳು ಡೀಸೆಲ್‌ಗೆ ತಿರುಗುವುದಾದರೆ ಅದಕ್ಕೆ ಬೇಕಾದ ಪಂಪ್ ತಾವೇ ಮಾಡಬೇಕು ಎಂದು 1922ರ ಕೊನೆಗೆ ತೀರ್ಮಾನವಾಯಿತು. ಕೆಲಸ ಸುಲಭದ್ದಲ್ಲ. ಪ್ಲಂಜರ್ ಮತ್ತು ಬ್ಯಾರೆಲ್ ನಡುವಿನ ಸಂದು ಒಂದು ಮಿಲಿಮೀಟರಿನ ಸಾವಿರದ ಎರಡು ಮೂರು ಭಾಗ ಮಾತ್ರ ಇರಬೇಕು, ತಲೆಗೂದಲಿಗಿಂತ ಇಪ್ಪತ್ತು ಮೂವತ್ತು ಪಾಲು ತೆಳು. ಅಲ್ಲಿ ರಬ್ಬರ್ ಸೀಲ್ ಇಲ್ಲ, ನುಣುಪೇ ಸೀಲ್. ಹಾಗೆ ಮಾಡಿದ ಪಂಪ್ ಕೋಟಿಗಟ್ಟಲೆ ಸಲ ಎಣ್ಣೆಯ ಹನಿಯಷ್ಟನ್ನು ಪ್ರತಿ ಸಿಲಿಂಡರಿಗೂ ಸಮನಾಗಿ, ಸರಿಯಾದ ಕ್ಷಣಕ್ಕೆ ಅಳೆದು ಕೊಡಬೇಕು. ಒಂದರ ಹಿಂದೆ ಒಂದು ಹತ್ತಾರು ಬಗೆಯ ಪಂಪ್‌ಗಳನ್ನು ಕಟ್ಟಿ ಓಡಿಸಿ ನೋಡಿದರು. ಬೇರೆ ಕಂಪನಿಗಳು ಈ ನಡುವೆ ತಮ್ಮದೇ ಪಂಪ್ ಇಟ್ಟು ಡೀಸೆಲ್ ಲಾರಿ ತೋರಿಸಿದವು. ಬಾಷ್ ಅವಸರಪಡಲಿಲ್ಲ. 1927ರ ನವೆಂಬರ್ ಕೊನೆಗೆ ಮೊದಲ ಸಾವಿರ ಪಂಪ್‌ಗಳು ಸಿದ್ಧವಾದವು, 1934ಕ್ಕೆ ಒಂದು ಲಕ್ಷ. ಚಾಚಾನ ಮೇಜಿನ ಮೇಲೆ ಬಿಚ್ಚಿಟ್ಟ ಹಳೆಯ ಪಂಪ್ ಅದೇ ವಂಶದ್ದು.

ಇಷ್ಟು ಸೂಕ್ಷ್ಮವಾದ ಎಲಿಮೆಂಟ್‌ಗೆ ಜಿಡ್ಡು ಕೊಡುವುದು ಡೀಸೆಲ್ಲೇ, ಬೇರೆ ಆಯಿಲ್ ಇಲ್ಲ. ಕಡಿಮೆ ಒತ್ತಡದ ಕಡೆಯಿಂದ ಗಾಳಿ, ನೀರು, ಕಸ ಬಂದರೆ ಹೊಸ ಎಲಿಮೆಂಟ್ ಕೂಡ ಬೇಗ ಸವೆಯುತ್ತದೆ. ಆ ಲಾರಿಯವರ 32,000 ರೂಪಾಯಿಯೂ ಇನ್ನು ಕೆಲವು ತಿಂಗಳಲ್ಲಿ ಹೀಗೇ ಹೋಗುತ್ತಿತ್ತು.

ಬಾಷ್‌ನ ಕೊನೆಯ ವರ್ಷಗಳ ಬಗ್ಗೆ ಓದುವಾಗ ನನಗೆ ಬರೆಯುವುದೇ ಬೇಡ ಅನ್ನಿಸಿತ್ತು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಫ್ರಾನ್ಸ್ ಮತ್ತು ಜರ್ಮನಿ ಒಂದಾಗಬೇಕು ಎಂದು ದುಡಿದಿದ್ದ ಬಾಷ್‌ಗೆ ಅವನ ಬಗ್ಗೆ ಒಲವಿರಲಿಲ್ಲ. ಯಹೂದಿಗಳು ದೇಶ ಬಿಟ್ಟು ಪಾರಾಗಲು ಕಂಪನಿಯ ಹಣ ಗುಟ್ಟಾಗಿ ಹೋಯಿತು. ಆ ಕೆಲಸ ನಡೆಸಿದ ಹಾನ್ಸ್ ವಾಲ್ಟ್ಸ್ ಎಂಬ ಅಧಿಕಾರಿಗೆ 1969ರಲ್ಲಿ ಇಸ್ರೇಲ್‌ನ ಯಾದ್ ವಶೆಮ್ ಸಂಸ್ಥೆಯಿಂದ ಗೌರವ ಸಿಕ್ಕಿತು. ಹಿಟ್ಲರ್ ವಿರುದ್ಧ ಸಂಚು ನಡೆಸಿ ಮುಂದೆ ಗಲ್ಲಿಗೇರಿದ ಗೋರ್ಡೆಲರ್‌ಗೆ 1937ರಿಂದ ಕಂಪನಿಯ ಸಲಹೆಗಾರ ಎಂಬ ನೆಪದಲ್ಲಿ ಆಸರೆ ಕೊಟ್ಟರು. ಅದೇ ಕಂಪನಿ ಹಿಟ್ಲರ್‌ನ ಸೈನ್ಯದ ಲಾರಿಗೆ, ಯುದ್ಧ ವಿಮಾನಕ್ಕೆ ಪಂಪ್ ಮಾಡಿಕೊಟ್ಟಿತು. ಯುದ್ಧದ ಕಾಲದಲ್ಲಿ ಬೇರೆ ದೇಶಗಳಿಂದ ಹಿಡಿದು ತಂದ ಸಾವಿರಾರು ಜನರನ್ನು, ಯುದ್ಧ ಕೈದಿಗಳನ್ನು, ಯಾತನಾ ಶಿಬಿರದ ಕೈದಿಗಳನ್ನು ಅದರ ಕಾರ್ಖಾನೆಗಳಲ್ಲಿ ಬಲವಂತವಾಗಿ ದುಡಿಸಲಾಯಿತು. ಬಾಷ್ 1942ರ ಮಾರ್ಚ್ 12ರಂದು ತೀರಿಕೊಂಡ. ತಾನು ದ್ವೇಷಿಸಿದ ಸರ್ಕಾರವೇ ಅವನಿಗೆ ಸರ್ಕಾರಿ ಗೌರವದ ಅಂತ್ಯಕ್ರಿಯೆ ಮಾಡಿತು. ಅವನ ಆಸ್ತಿಯ ಬಹುಪಾಲು ಈಗ ಒಂದು ಪ್ರತಿಷ್ಠಾನದ ಕೈಯಲ್ಲಿದೆ, ಸ್ಟುಟ್‌ಗಾರ್ಟ್‌ನಲ್ಲಿ ಅವನು 1940ರಲ್ಲಿ ತೆರೆದ ಆಸ್ಪತ್ರೆ ಇಂದಿಗೂ ನಡೆಯುತ್ತಿದೆ.

ಓದಿದ್ದನ್ನೆಲ್ಲ ನಾನು ಸಂಜೆ ಹೊತ್ತು ಚಾಚಾಗೆ ಹೇಳುತ್ತಿದ್ದೆ. ಮ್ಯಾಗ್ನೆಟೊ, ಪಂಪ್ ಎಂದಾಗ ತಲೆಯಾಡಿಸುತ್ತಾ ಕೇಳಿದರು. ಹಿಡಿದು ತಂದ ಕೆಲಸಗಾರರ ವಿಷಯ ಬಂದಾಗ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು, ಅವರಿಗೂ ಎಂಟು ಗಂಟೆಯೇ ಇತ್ತಾ ಎಂದು ಕೇಳಿದರು. ಇಲ್ಲ ಎಂದೆ. ಅವರು ಮತ್ತೇನೂ ಕೇಳಲಿಲ್ಲ.

ಎರಡು ವಾರದ ನಂತರ ಆ ಲಾರಿ ಮತ್ತೆ ಬಂತು, ತಪಾಸಣೆಗೆ. ಗಾಡಿ ಘಾಟಿ ಹತ್ತುತ್ತಿದೆ, ಒಂದು ಕಂತು ಕಟ್ಟಿಯಾಯಿತು, ಇನ್ನೊಂದು ಬಾಕಿ ಎಂದರು ಚಾಲಕರು. ಚಾಚಾ ಕಪಾಟಿನಿಂದ ಗೇಜ್ ಡಬ್ಬಿ ತೆಗೆದು ಐಟಿಐ ಹುಡುಗನ ಕೈಗೆ ಕೊಟ್ಟು, ತಾವು ಹಿಂದೆ ಸರಿದು ನಿಂತರು. ಅವನು ಹೊಸ ವಾಷರ್ ಎರಡು ಕೇಳಿ ಪಡೆದ. ಬ್ಯಾಂಜೊ ಬೋಲ್ಟ್ ಬಿಗಿ ಮಾಡುವಾಗ ಅವನ ಕೈ ನಡುಗುತ್ತಿತ್ತು. ಎಂಜಿನ್ ಸ್ಟಾರ್ಟ್ ಆಯಿತು. ಅವನು ಮುಳ್ಳು ನೋಡಿ ಹೇಳಿದ, ನಾನು ಬರೆದುಕೊಂಡೆ: ಫಿಲ್ಟರ್‌ಗೆ ಮೊದಲು 1.7, ನಂತರ 1.5.